ಚಿಕ್ಕದಾಗಿಯೇ ಉಳಿದ ಕಾರು: ಮಜ್ದಾ ಮಿಯಾಟಾ ಮತ್ತು ಗಾತ್ರದ ರಾಜಕೀಯ

1989ರಲ್ಲಿ ಜಪಾನಿನ ಹಿರೋಶಿಮಾದಲ್ಲಿ ತಯಾರಾದ ಎರಡೇ ಸೀಟಿನ ಪುಟ್ಟ ಕಾರೊಂದರ ತೂಕ 940 ಕೆ.ಜಿ. ಇತ್ತು. ಅದರ ನಾಲ್ಕನೇ ತಲೆಮಾರು 2015ರಲ್ಲಿ ಬಂದಾಗ, ಜಪಾನಿನಲ್ಲಿ ಮಾರಾಟವಾದ ಅತಿ ಹಗುರ ಮಾದರಿ ತೂಗಿದ್ದು 990 ಕೆ.ಜಿ. ಅಂದರೆ 26 ವರ್ಷಗಳಲ್ಲಿ ಏರಿದ್ದು ಬರೀ 50 ಕೆ.ಜಿ. ಉದ್ದವಂತೂ ಮೊದಲಿಗಿಂತ ಐದೂವರೆ ಸೆಂಟಿಮೀಟರ್ ಕಡಿಮೆಯೇ ಆಗಿದೆ. ಹೋಲಿಕೆಗೆ ಫೋಕ್ಸ್‌ವ್ಯಾಗನ್ ಗಾಲ್ಫ್ ತಗೊಳ್ಳಿ. 1974ರಲ್ಲಿ ಸುಮಾರು 800 ಕೆ.ಜಿ. ಇದ್ದ ಆ ಕಾರು ಈಗ 1,300 ಕೆ.ಜಿ. ಆಸುಪಾಸಿನಲ್ಲಿದೆ.

ಆ ಪುಟ್ಟ ಕಾರಿನ ಹೆಸರು ಮಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಅದನ್ನು ಮಿಯಾಟಾ ಅಂತಾರೆ, ಜಪಾನಿನಲ್ಲಿ ರೋಡ್‌ಸ್ಟರ್. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು ಎಂಬ ಗಿನ್ನೆಸ್ ದಾಖಲೆ 2000ನೇ ಇಸವಿಯಿಂದ ಇದರ ಹೆಸರಲ್ಲಿದೆ. 2016ರ ಏಪ್ರಿಲ್‌ನಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂತು.

ಹಿಂದಿನ ಸೀಟಿಲ್ಲ, ಲಗೇಜಿಗೆ ಜಾಗವಿಲ್ಲ, ಭಾರೀ ಶಕ್ತಿಯೂ ಇಲ್ಲ. ಇಂಥ ಕಾರು ಮೂರೂವರೆ ದಶಕ ಹೇಗೆ ಬದುಕಿತು? ಇದಕ್ಕೆ ಉತ್ತರ ಹುಡುಕಿದರೆ ಎಂಜಿನ್ ಮಾತ್ರ ಸಿಗಲ್ಲ. ಕಾನೂನು, ತೆರಿಗೆ, ಕಂಪನಿಗಳ ಲಾಭದ ಲೆಕ್ಕ, ರಸ್ತೆ ಯಾರದ್ದು ಅನ್ನೋ ಪ್ರಶ್ನೆ ಎಲ್ಲವೂ ಸಿಗುತ್ತವೆ.

ಬ್ರಿಟನ್ ಬಿಟ್ಟುಹೋದ ಜಾಗ

ಮೇಲೆ ತೆರೆದುಕೊಳ್ಳುವ ಹುಡ್, ಎರಡು ಸೀಟು, ಮುಂದೆ ಸಣ್ಣ ಎಂಜಿನ್, ಓಡಲು ಹಿಂದಿನ ಚಕ್ರಗಳು, ಸಾಮಾನ್ಯ ಸಂಬಳದವರಿಗೂ ಎಟುಕುವ ಬೆಲೆ. ಈ ಸೂತ್ರವನ್ನು ಬೆಳೆಸಿದ್ದು ಬ್ರಿಟನ್. ಎರಡನೇ ಮಹಾಯುದ್ಧದ ನಂತರ ಡಾಲರ್ ಗಳಿಸಲೇಬೇಕಿದ್ದ ಆ ದೇಶ ಎಂಜಿ, ಟ್ರಯಂಫ್, ಆಸ್ಟಿನ್-ಹೀಲಿ ಕಾರುಗಳನ್ನು ಹಡಗುಗಟ್ಟಲೆ ಅಮೆರಿಕಕ್ಕೆ ಕಳಿಸಿತು. 1962ರಲ್ಲಿ ಬಂದ ಎಂಜಿಬಿ, ಮುಚ್ಚಿದ ಮಾದರಿಯೂ ಸೇರಿ, ಐದು ಲಕ್ಷಕ್ಕೂ ಹೆಚ್ಚು ತಯಾರಾಯಿತು.

1980ರಲ್ಲಿ ಈ ಆಟ ಮುಗಿಯಿತು. ಆ ವರ್ಷ ಅಬಿಂಗ್‌ಡನ್‌ನಲ್ಲಿದ್ದ ಎಂಜಿ ಕಾರ್ಖಾನೆಗೆ ಬೀಗ ಬಿತ್ತು. ಟ್ರಯಂಫ್ ಸ್ಪಿಟ್‌ಫೈರ್ ಕೂಡ ನಿಂತಿತು.

ಇದಕ್ಕೆ ಇವತ್ತಿಗೂ ಹೇಳುವ ಜನಪ್ರಿಯ ಕಾರಣ ಒಂದಿದೆ: "ಅಮೆರಿಕದ ಸುರಕ್ಷತಾ ಕಾನೂನು ಸಣ್ಣ ಸ್ಪೋರ್ಟ್ಸ್ ಕಾರನ್ನು ಕೊಂದಿತು." 1965ರಲ್ಲಿ ರಾಲ್ಫ್ ನೇಡರ್ ಬರೆದ 'ಅನ್‌ಸೇಫ್ ಅಟ್ ಎನಿ ಸ್ಪೀಡ್' ಪುಸ್ತಕ ಕಾರು ಕಂಪನಿಗಳ ನಿರ್ಲಕ್ಷ್ಯವನ್ನು ಬಯಲಿಗೆಳೆಯಿತು. ಮರುವರ್ಷವೇ ವಾಹನ ಸುರಕ್ಷತಾ ಕಾಯ್ದೆ ಬಂತು. 1970ರಲ್ಲಿ ವಾಯುಮಾಲಿನ್ಯ ಕಾಯ್ದೆ ಬಿಗಿಯಾಯಿತು. ಇವಿಷ್ಟೂ ನಿಜ.

ಆದರೆ ಈ ಕಾನೂನುಗಳಿಗೆ ಬ್ರಿಟಿಷ್ ಕಂಪನಿ ಕೊಟ್ಟ ಉತ್ತರ ಹೇಗಿತ್ತು ನೋಡಿ. ಹೊಸ ಕಾರು ವಿನ್ಯಾಸ ಮಾಡುವ ಬದಲು, 1974ರಲ್ಲಿ ಹಳೆಯ ಎಂಜಿಬಿಗೇ ದಪ್ಪನೆಯ ಕಪ್ಪು ರಬ್ಬರ್ ಬಂಪರ್ ಅಂಟಿಸಿದರು. ಬಂಪರ್ ನಿಗದಿತ ಎತ್ತರಕ್ಕೆ ಬರಲಿ ಅಂತ ಇಡೀ ಕಾರನ್ನೇ ಮೇಲೆತ್ತಿದರು. ಕಾರಿನ ಹಿಡಿತ ಕೆಟ್ಟಿತು, ತೂಕ ಹೆಚ್ಚಿತು, ಹೊಗೆ ನಿಯಮಗಳಿಗೆ ಹೊಂದಿಸಲು ಹೋಗಿ ಎಂಜಿನ್ ಶಕ್ತಿ ಕುಂದಿತು. ಎಂಜಿಯ ಮಾಲೀಕ ಬ್ರಿಟಿಷ್ ಲೇಲ್ಯಾಂಡ್ ಆಗಲೇ ನಷ್ಟದಲ್ಲಿ ಮುಳುಗಿ, 1975ರಲ್ಲಿ ಸರ್ಕಾರದ ತೆಕ್ಕೆಗೆ ಬಿದ್ದಿತ್ತು. ಹೊಸದಕ್ಕೆ ಹಣ ಹಾಕಲು ಆಗದವರು ಕಾನೂನಿನ ಮೇಲೆ ಗೂಬೆ ಕೂರಿಸಿದರು.

ಒಂಬತ್ತು ವರ್ಷದ ನಂತರ ಅದೇ ಅಮೆರಿಕದಲ್ಲಿ, ಇನ್ನಷ್ಟು ಬಿಗಿಯಾದ ನಿಯಮಗಳ ನಡುವೆ ಮಿಯಾಟಾ ಬಂತು. ಚಾಲಕನ ಏರ್‌ಬ್ಯಾಗ್ ಇಟ್ಟುಕೊಂಡೇ ಬಂತು, ಹಗುರವಾಗಿಯೇ ಬಂತು. ಕಾನೂನು ಕೊಂದಿತು ಅನ್ನೋ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಪತ್ರಕರ್ತನೊಬ್ಬನ ಒತ್ತಾಯ

ಈ ಕಾರಿನ ಬೀಜ ಬಿದ್ದದ್ದು 1979ರಲ್ಲಿ. ಬಾಬ್ ಹಾಲ್ ಎಂಬ ಅಮೆರಿಕದ ವಾಹನ ಪತ್ರಕರ್ತ ಹಿರೋಶಿಮಾದಲ್ಲಿ ಮಜ್ದಾದ ಸಂಶೋಧನಾ ಮುಖ್ಯಸ್ಥ ಕೆನಿಚಿ ಯಮಾಮೊಟೊ ಅವರನ್ನು ಭೇಟಿಯಾದರು. ಮುಂದೆ ಯಾವ ಕಾರು ಮಾಡಬೇಕು ಅಂತ ಯಮಾಮೊಟೊ ಕೇಳಿದ್ದಕ್ಕೆ ಹಾಲ್, ಹಳೆಯ ಬ್ರಿಟಿಷ್ ಮಾದರಿಯ ಅಗ್ಗದ, ಹಗುರ ಸ್ಪೋರ್ಟ್ಸ್ ಕಾರು ಅಂದರು. ಜಪಾನಿ ಭಾಷೆ ಬರುತ್ತಿದ್ದ ಹಾಲ್ ಬೋರ್ಡಿನ ಮೇಲೆ ಚಿತ್ರ ಬರೆದೂ ತೋರಿಸಿದರು. 1981ರಲ್ಲಿ ಅವರು ಮಜ್ದಾದ ಕ್ಯಾಲಿಫೋರ್ನಿಯಾ ಕಚೇರಿಗೇ ಕೆಲಸಕ್ಕೆ ಸೇರಿದರು. ಇತ್ತ ಯಮಾಮೊಟೊ ಜಪಾನಿನ ಹಾಕೋನೆ ಬೆಟ್ಟದ ರಸ್ತೆಯಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಓಡಿಸಿ ನೋಡಿದರು. 1984ರಲ್ಲಿ ಅವರು ಕಂಪನಿಯ ಅಧ್ಯಕ್ಷರಾದರು.

ಕಂಪನಿ ತನ್ನೊಳಗೇ ಸ್ಪರ್ಧೆ ಇಟ್ಟಿತು. ಟೋಕಿಯೊ ತಂಡ ಎರಡು ಪ್ರಸ್ತಾವ ತಂದಿತು. ಒಂದು ಮುಂದಿನ ಚಕ್ರಗಳಿಂದ ಓಡುವ ಕಾರು, ಇನ್ನೊಂದು ಎಂಜಿನ್ ಮಧ್ಯದಲ್ಲಿರುವ ಕಾರು. ಆ ಕಾಲದ ಆಧುನಿಕ ಚಿಂತನೆ ಅದೇ ಆಗಿತ್ತು. ಕ್ಯಾಲಿಫೋರ್ನಿಯಾ ತಂಡ ಮಾತ್ರ ಎಂಜಿನ್ ಮುಂದೆ, ಓಡಿಸುವ ಚಕ್ರ ಹಿಂದೆ ಎಂಬ ಹಳೇ ಸೂತ್ರಕ್ಕೇ ಅಂಟಿಕೊಂಡಿತು. ಗೆದ್ದದ್ದು ಅದೇ. ಮೊದಲ ಓಡುವ ಮಾದರಿಯನ್ನು ಇಂಗ್ಲೆಂಡಿನ ವರ್ಥಿಂಗ್ ಎಂಬ ಊರಿನ ಐಎಡಿ ಎಂಬ ವಿನ್ಯಾಸ ಸಂಸ್ಥೆ ಕಟ್ಟಿಕೊಟ್ಟಿತು. ಅದನ್ನು 1985ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದ ಬೀದಿಗಳಲ್ಲಿ ಓಡಿಸಿ, ಜನ ಹೇಗೆ ನೋಡ್ತಾರೆ ಅಂತ ಪರೀಕ್ಷಿಸಿದರು. 1986ರಲ್ಲಿ ಕಂಪನಿ ಒಪ್ಪಿಗೆ ಕೊಟ್ಟಿತು. ತೊಶಿಹಿಕೊ ಹಿರಾಯ್ ಯೋಜನೆಯ ಮುಖ್ಯಸ್ಥರಾದರು. 1989ರ ಫೆಬ್ರವರಿಯಲ್ಲಿ ಶಿಕಾಗೊ ವಾಹನ ಮೇಳದಲ್ಲಿ ಕಾರು ಹೊರಬಂತು.

ಬ್ರಿಟನ್ನಿನ ಕಲ್ಪನೆ, ಅಮೆರಿಕದ ಒತ್ತಾಯ, ಜಪಾನಿನ ತಯಾರಿಕೆ. ಯಾವ ಒಂದು ದೇಶವೂ 'ಇದು ನಮ್ಮದೇ' ಅಂತ ಎದೆ ತಟ್ಟಿಕೊಳ್ಳುವಂತಿಲ್ಲ.

ಶಕ್ತಿ ಕಡಿಮೆ, ಖುಷಿ ಜಾಸ್ತಿ: ಹೇಗೆ?

ಮೊದಲ ಮಿಯಾಟಾದ್ದು 1.6 ಲೀಟರ್ ಎಂಜಿನ್. ಅಮೆರಿಕದ ಮಾದರಿಯಲ್ಲಿ 116 ಅಶ್ವಶಕ್ತಿ. ಇವತ್ತಿನ ಕಾಂಪ್ಯಾಕ್ಟ್ ಎಸ್‌ಯುವಿಗಳೂ ಅಷ್ಟು ಶಕ್ತಿ ಕೊಡುತ್ತವೆ. ವ್ಯತ್ಯಾಸ ಇರುವುದು ತೂಕದಲ್ಲಿ.

ಕಾರು ಭಾರವಾದರೆ ದೊಡ್ಡ ಎಂಜಿನ್ ಬೇಕು. ದೊಡ್ಡ ಎಂಜಿನ್‌ಗೆ ದೊಡ್ಡ ಬ್ರೇಕ್, ಅಗಲದ ಟೈರು, ಗಟ್ಟಿ ಚೌಕಟ್ಟು ಬೇಕು. ಇವೆಲ್ಲ ಸೇರಿ ಕಾರು ಮತ್ತಷ್ಟು ಭಾರ. ಇದೊಂದು ವಿಷವರ್ತುಲ. ಇದನ್ನೇ ತಿರುಗಿಸಿ ಹಾಕಿದರೆ ಒಳ್ಳೆಯ ವರ್ತುಲ ಸಿಗುತ್ತೆ: ಒಂದು ಕಡೆ ತೂಕ ಇಳಿಸಿದರೆ ಉಳಿದೆಲ್ಲವನ್ನೂ ಚಿಕ್ಕದು ಮಾಡಬಹುದು. ಮಜ್ದಾ ಎಂಜಿನಿಯರ್‌ಗಳು ಗ್ರಾಂ ಲೆಕ್ಕದಲ್ಲಿ ತೂಕ ಕಳೆದರು. ನಾಲ್ಕನೇ ತಲೆಮಾರಿನಲ್ಲಿ ಎಂಜಿನ್ ಮುಚ್ಚಳ, ಮುಂದಿನ ಮಡ್‌ಗಾರ್ಡ್, ಡಿಕ್ಕಿಯ ಬಾಗಿಲು ಅಲ್ಯೂಮಿನಿಯಮ್ ಆದವು.

ತೂಕವನ್ನು ಹಂಚುವುದೂ ಮುಖ್ಯ. ಎಂಜಿನ್ನನ್ನು ಮುಂದಿನ ಆಕ್ಸೆಲ್‌ನ ಹಿಂದಕ್ಕೆ ತಳ್ಳಿ, ಮುಂದೆ ಅರ್ಧ, ಹಿಂದೆ ಅರ್ಧ ಎಂಬಂತೆ ತೂಕ ಹಂಚಿದರು. ನಾಲ್ಕೂ ಚಕ್ರಕ್ಕೆ ಡಬಲ್ ವಿಶ್‌ಬೋನ್ ಸಸ್ಪೆನ್ಶನ್ ಕೊಟ್ಟರು. ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಶಿಯಲ್‌ವರೆಗೆ ಒಂದು ಅಲ್ಯೂಮಿನಿಯಮ್ ಚೌಕಟ್ಟು ಹಾಕಿ ಬಿಗಿದರು. ಇದರಿಂದಾಗಿ ಆಕ್ಸಿಲರೇಟರ್ ಒತ್ತಿದ ತಕ್ಷಣ, ನಡುವೆ ಜಗ್ಗಾಟವಿಲ್ಲದೆ, ಹಿಂದಿನ ಚಕ್ರ ಸ್ಪಂದಿಸುತ್ತೆ. ಈ ಅನುಭವಕ್ಕೆ ಮಜ್ದಾ ಇಟ್ಟ ಹೆಸರು 'ಜಿನ್ಬಾ ಇತ್ತಾಯ್', ಅಂದರೆ ಕುದುರೆ ಮತ್ತು ಸವಾರ ಒಂದೇ ದೇಹವಾಗುವುದು. ಓಡುವ ಕುದುರೆಯ ಮೇಲಿಂದ ಬಾಣ ಬಿಡುವ ಜಪಾನಿನ ಹಳೆಯ ಕಲೆಯಿಂದ ಬಂದ ಮಾತು ಇದು.

ಇದರ ಒಟ್ಟು ಪರಿಣಾಮ ಏನು? ಐನೂರು ಅಶ್ವಶಕ್ತಿಯ ಕಾರಿನ ಗಮ್ಮತ್ತು ನೋಡಬೇಕಾದರೆ ಕಾನೂನು ಮುರಿಯಬೇಕು ಅಥವಾ ರೇಸ್ ಟ್ರ್ಯಾಕ್ ಬೇಕು. ಮಿಯಾಟಾದ ಖುಷಿ ಗಂಟೆಗೆ 60 ಕಿ.ಮೀ. ವೇಗದಲ್ಲೇ, ಒಂದು ಸಾಧಾರಣ ತಿರುವಿನಲ್ಲೇ ಸಿಗುತ್ತೆ.

ಅಗ್ಗ ಅಂದರೆ ಎಷ್ಟು ಅಗ್ಗ?

1989ರಲ್ಲಿ ಅಮೆರಿಕದಲ್ಲಿ ಇದರ ಆರಂಭಿಕ ಬೆಲೆ 13,800 ಡಾಲರ್. ಹಣದುಬ್ಬರ ಲೆಕ್ಕ ಹಾಕಿದರೆ 2024ರಲ್ಲಿ ಅದು ಸುಮಾರು 35 ಸಾವಿರ ಡಾಲರ್ ಆಗುತ್ತೆ. ಆದರೆ 2024ರ ಮಾದರಿಯ ಆರಂಭಿಕ ಬೆಲೆ, ಸಾಗಣೆ ವೆಚ್ಚ ಬಿಟ್ಟು, 29 ಸಾವಿರ ಡಾಲರ್ ಆಸುಪಾಸು. ಅಂದರೆ ನಿಜವಾದ ಬೆಲೆ ಇಳಿದಿದೆ. ಅದೇ ಹೊತ್ತಿಗೆ ಅಮೆರಿಕದಲ್ಲಿ ಹೊಸ ಕಾರೊಂದಕ್ಕೆ ಜನ ಸರಾಸರಿ ಕೊಡುವ ಮೊತ್ತ 45 ಸಾವಿರ ಡಾಲರ್ ದಾಟಿದೆ.

29 ಸಾವಿರ ಡಾಲರ್ ಅಲ್ಲಿಯ ಕೂಲಿ ಕಾರ್ಮಿಕರಿಗೂ ಸಣ್ಣ ಮೊತ್ತವಲ್ಲ ಅನ್ನೋದನ್ನು ಮರೆಯಬಾರದು. ಕಾರಿನ ನಿಜವಾದ ಜನಪ್ರಿಯತೆ ಇರುವುದು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ. ಸರಳ ಎಂಜಿನ್, ಕೈಯಲ್ಲೇ ತೆಗೆಯುವ ಹುಡ್, ಮನೆಯ ಮುಂದೆಯೇ ಬಿಚ್ಚಿ ಜೋಡಿಸಬಹುದಾದ ಭಾಗಗಳು. ಹಾಗಾಗಿ ವಿದ್ಯಾರ್ಥಿಗಳು, ಮೆಕ್ಯಾನಿಕ್‌ಗಳು, ನಿವೃತ್ತರು ಎಲ್ಲರೂ ಇದನ್ನು ಕೊಳ್ಳುತ್ತಾರೆ. ಅಮೆರಿಕದ ಹವ್ಯಾಸಿ ರೇಸಿಂಗ್‌ನಲ್ಲಿ ಹಳೆಯ ಮಿಯಾಟಾಗಳಿಗೇ 'ಸ್ಪೆಕ್ ಮಿಯಾಟಾ' ಎಂಬ ಪ್ರತ್ಯೇಕ ವಿಭಾಗವಿದೆ. ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ ಥರದ ಕಾರು ಆದ್ದರಿಂದ, ಜೇಬಿಗಿಂತ ಕೈಚಳಕಕ್ಕೆ ಬೆಲೆ ಹೆಚ್ಚು.

2017ರಲ್ಲಿ ಮಜ್ದಾ ಇನ್ನೊಂದು ಕೆಲಸ ಮಾಡಿತು. ಜಪಾನಿನಲ್ಲಿ ಮೊದಲ ತಲೆಮಾರಿನ ಕಾರುಗಳಿಗೆ ಕಂಪನಿಯೇ ಪುನರುಜ್ಜೀವನ ಸೇವೆ ಘೋಷಿಸಿತು. ನಿಂತುಹೋಗಿದ್ದ ಬಿಡಿಭಾಗಗಳನ್ನು, ಆಗಿನ ವಿನ್ಯಾಸದ ಟೈರನ್ನೂ ಸೇರಿಸಿ, ಮತ್ತೆ ತಯಾರಿಸಿತು. ಮೂರು ವರ್ಷದ ಫೋನಿಗೆ ಬ್ಯಾಟರಿ ಸಿಗದ ಕಾಲದಲ್ಲಿ ಕಾಲು ಶತಮಾನ ದಾಟಿದ ಕಾರಿಗೆ ಬಿಡಿಭಾಗ ಮಾಡಿಕೊಡುವುದು ಸಣ್ಣ ಮಾತಲ್ಲ. ರಿಪೇರಿ ಮಾಡಿಕೊಳ್ಳುವುದು ಗ್ರಾಹಕರ ಹಕ್ಕು ಅಂತ ಹೋರಾಡುವವರು ಈ ಉದಾಹರಣೆಯನ್ನು ಧಾರಾಳವಾಗಿ ಬಳಸಬಹುದು.

ಬಂದವರು ಬಂದರು, ಹೋದರು

ಮಿಯಾಟಾ ಗೆದ್ದ ಮೇಲೆ ಎಲ್ಲರೂ ಸಾಲುಗಟ್ಟಿದರು. ಫಿಯೆಟ್ ಬಾರ್ಕೆಟಾ 1995ರಲ್ಲಿ ಬಂದು 2005ರಲ್ಲಿ ಹೋಯಿತು. ಮೂರನೇ ತಲೆಮಾರಿನ ಟೊಯೋಟಾ ಎಂಆರ್2 ಇದ್ದದ್ದು 1999ರಿಂದ 2007. ಹೋಂಡಾ ಎಸ್2000 ಹತ್ತು ವರ್ಷ ಬಾಳಿ 2009ರಲ್ಲಿ ನಿಂತಿತು. ಪಾಂಟಿಯಾಕ್ ಸೋಲ್‌ಸ್ಟಿಸ್ ಕೂಡ ಅದೇ ವರ್ಷ, ಜನರಲ್ ಮೋಟರ್ಸ್ ದಿವಾಳಿಯಾದಾಗ ಮುಗಿಯಿತು. ಬಿಎಂಡಬ್ಲ್ಯು, ಮರ್ಸಿಡಿಸ್ ಕಾರುಗಳು ತಲೆಮಾರಿನಿಂದ ತಲೆಮಾರಿಗೆ ದೊಡ್ಡವಾಗಿ, ದುಬಾರಿಯಾಗಿ ಬೇರೆಯೇ ವರ್ಗಕ್ಕೆ ಸೇರಿಕೊಂಡವು.

ಹಾಗಂತ ಮಜ್ದಾ ಸುಖವಾಗಿಯೇನೂ ಇರಲಿಲ್ಲ. ಜಪಾನಿನ ಆರ್ಥಿಕ ಗುಳ್ಳೆಯ ಕಾಲದಲ್ಲಿ ಐದು ಬೇರೆ ಬೇರೆ ಮಾರಾಟ ಜಾಲ ತೆರೆದು ಕೈಸುಟ್ಟುಕೊಂಡಿತು. 1996ರಲ್ಲಿ ಫೋರ್ಡ್ ತನ್ನ ಪಾಲನ್ನು ಶೇ. 33.4ಕ್ಕೆ ಏರಿಸಿ ಹಿಡಿತ ಸಾಧಿಸಿತು. ಹೆನ್ರಿ ವ್ಯಾಲೇಸ್ ಮಜ್ದಾ ಅಧ್ಯಕ್ಷರಾದರು. ದೊಡ್ಡ ಜಪಾನಿ ಕಾರು ಕಂಪನಿಯೊಂದಕ್ಕೆ ವಿದೇಶಿಯೊಬ್ಬರು ಮುಖ್ಯಸ್ಥರಾದದ್ದು ಅದೇ ಮೊದಲು. ಆ ಕಷ್ಟದಲ್ಲೂ ಮಿಯಾಟಾ ಉಳಿಯಿತು. ನಾಲ್ಕನೇ ತಲೆಮಾರಿನ ಹೊತ್ತಿಗೆ ಫಿಯೆಟ್ ಜೊತೆ ಒಪ್ಪಂದ ಮಾಡಿಕೊಂಡು, ಅದೇ ಚೌಕಟ್ಟಿನ ಮೇಲೆ ಫಿಯೆಟ್ 124 ಸ್ಪೈಡರ್ ಅನ್ನೂ ಹಿರೋಶಿಮಾದಲ್ಲೇ ತಯಾರಿಸಿ ಖರ್ಚು ಹಂಚಿಕೊಂಡರು. 2016ರಲ್ಲಿ ಎಂಎಕ್ಸ್-5ಕ್ಕೆ ವರ್ಷದ ವಿಶ್ವ ಕಾರು ಪ್ರಶಸ್ತಿ ಬಂತು, ವಿನ್ಯಾಸದ ಪ್ರಶಸ್ತಿಯೂ ಬಂತು.

"ಅದು ಹೆಂಗಸರ ಕಾರು"

ಬ್ರಿಟನ್ ಮತ್ತು ಅಮೆರಿಕದಲ್ಲಿ ಈ ಕಾರಿಗೆ ಅಂಟಿಸಿದ ಹೀಯಾಳಿಕೆಯೊಂದಿದೆ: 'ಹೇರ್‌ಡ್ರೆಸ್ಸರ್ ಕಾರು'. ಅಂದರೆ ಇದು 'ಗಂಡಸರ' ಕಾರಲ್ಲ ಅನ್ನೋ ಕುಹಕ. ಒಂದೇ ಪದದಲ್ಲಿ ಮಹಿಳೆಯರನ್ನು, ಸಲಿಂಗಿಗಳನ್ನು, ಕೂದಲು ಕತ್ತರಿಸಿ ಬದುಕುವ ಶ್ರಮಿಕರನ್ನು ಒಟ್ಟಿಗೆ ಅವಮಾನಿಸುವ ಮಾತು. ಕಾರಣ? ಕಾರು ಚಿಕ್ಕದು, ದುಂಡಗಿದೆ, ಮೊದಲ ತಲೆಮಾರಿನದ್ದಂತೂ ಕಣ್ಣು ತೆರೆದು ಮುಚ್ಚಿದಂತೆ ಹೆಡ್‌ಲೈಟ್ ಏರಿಸಿ ಇಳಿಸುತ್ತಿತ್ತು, ಜೊತೆಗೆ ಗರ್ಜಿಸಿ ಯಾರನ್ನೂ ಹೆದರಿಸಲ್ಲ.

ಗಾತ್ರ, ಸದ್ದು, ಎತ್ತರ ಇವೇ ಗಂಡಸುತನ ಅನ್ನೋ ಕಲ್ಪನೆಯನ್ನು ಕಾರು ಜಾಹೀರಾತುಗಳು ದಶಕಗಳಿಂದ ಮಾರುತ್ತಾ ಬಂದಿವೆ. ನಮ್ಮಲ್ಲೂ ಎಸ್‌ಯುವಿ ಜಾಹೀರಾತುಗಳ ಭಾಷೆ ಬೇರೆ ಏನಲ್ಲ. 'ರಸ್ತೆ ನಿಮ್ಮದು', 'ಅಧಿಪತ್ಯ', 'ಗತ್ತು' ಇದೇ ಧಾಟಿ. ಮಿಯಾಟಾ ಪ್ರೀತಿಸುವವರು ಆ ಹೀಯಾಳಿಕೆಯನ್ನು ಕ್ಯಾರೇ ಅನ್ನದೆ ಓಡಿಸಿಕೊಂಡು ಹೋದರು.

ದೊಡ್ಡದಾಗಿಸಿದ್ದು ಯಾರು?

"ಜನರಿಗೆ ದೊಡ್ಡ ಕಾರೇ ಬೇಕು, ಅದಕ್ಕೆ ಕಂಪನಿಗಳು ಮಾಡ್ತಿವೆ" ಅಂತ ಹೇಳುವುದು ಸುಲಭ. ಅಮೆರಿಕದ ಇತಿಹಾಸ ನೋಡಿದರೆ ಕಥೆ ಅಷ್ಟು ಸರಳವಿಲ್ಲ. ತೈಲ ಬಿಕ್ಕಟ್ಟಿನ ನಂತರ 1975ರಲ್ಲಿ ಇಂಧನ ದಕ್ಷತೆಯ ಕಾನೂನು ಬಂತು. ಅದರಡಿ ಕಾರುಗಳಿಗೆ ಬಿಗಿ ಮಿತಿ, 'ಲಘು ಟ್ರಕ್' ಎಂಬ ವರ್ಗಕ್ಕೆ ಸಡಿಲ ಮಿತಿ. ರೈತರು, ಕುಶಲಕರ್ಮಿಗಳು ಬಳಸುವ ವಾಹನ ಅನ್ನೋದು ಅದರ ಸಮರ್ಥನೆ. ಕಂಪನಿಗಳು ಎಸ್‌ಯುವಿಗಳನ್ನು ಅದೇ ವರ್ಗಕ್ಕೆ ಸೇರಿಸಿದವು. 1964ರಿಂದ ಆಮದು ಲಘು ಟ್ರಕ್‌ಗಳ ಮೇಲೆ ಶೇ. 25 ಸುಂಕವೂ ಇತ್ತಾದ್ದರಿಂದ ಪಿಕಪ್ ಮಾರುಕಟ್ಟೆ ದೇಶೀ ಕಂಪನಿಗಳ ಕೋಟೆಯಾಯಿತು. ಮುಂದೆ ಬಂದ ನಿಯಮಗಳು ವಾಹನ ನೆಲದ ಮೇಲೆ ಎಷ್ಟು ಜಾಗ ಹಿಡಿಯುತ್ತೆ ಅನ್ನೋದರ ಮೇಲೆ ಮಿತಿ ನಿಗದಿ ಮಾಡಿದವು. ದೊಡ್ಡ ವಾಹನಕ್ಕೆ ಸಡಿಲ ಗುರಿ. 2018ರಲ್ಲಿ ಫೋರ್ಡ್, ಮಸ್ಟ್ಯಾಂಗ್‌ನಂಥ ಒಂದೆರಡು ಬಿಟ್ಟು, ಉತ್ತರ ಅಮೆರಿಕದಲ್ಲಿ ಕಾರುಗಳನ್ನೇ ನಿಲ್ಲಿಸುವುದಾಗಿ ಹೇಳಿತು.

ಇದರ ಬೆಲೆ ತೆತ್ತವರು ಕಾರಿನ ಹೊರಗಿದ್ದವರು. ಅಮೆರಿಕದಲ್ಲಿ 2009ರಲ್ಲಿ ವಾಹನ ಬಡಿದು ಸತ್ತ ಪಾದಚಾರಿಗಳು ಸುಮಾರು 4,100. 2022ರಲ್ಲಿ ಆ ಸಂಖ್ಯೆ 7,500 ದಾಟಿತು. ಕಾರಣಗಳು ಹಲವು ಇವೆ. ಮೊಬೈಲ್, ಕತ್ತಲೆ, ರಸ್ತೆ ವಿನ್ಯಾಸ ಎಲ್ಲ ಸೇರುತ್ತೆ. ಆದರೆ ಅಲ್ಲಿನ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆ ಐಐಎಚ್‌ಎಸ್ 2023ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿದ್ದು ಇದು: ಮುಂಭಾಗದ ಎತ್ತರ 40 ಇಂಚು ಮೀರಿದ ವಾಹನಗಳು ಪಾದಚಾರಿಗೆ ಬಡಿದಾಗ ಸಾವು ಸಂಭವಿಸುವ ಸಾಧ್ಯತೆ, 30 ಇಂಚಿನೊಳಗಿನ ಇಳಿಜಾರು ಮೂತಿಯ ವಾಹನಗಳಿಗಿಂತ ಸುಮಾರು ಶೇ. 45 ಹೆಚ್ಚು.

ಇದನ್ನು ತಡೆಯಲು ಆಗಲ್ಲ ಅಂತೇನಿಲ್ಲ. 2024ರ ಫೆಬ್ರವರಿಯಲ್ಲಿ ಪ್ಯಾರಿಸ್ ನಗರದ ಮತದಾರರು, ಹೊರಗಿನಿಂದ ಬರುವ ಭಾರೀ ವಾಹನಗಳ ಪಾರ್ಕಿಂಗ್ ಶುಲ್ಕವನ್ನು ಮೂರು ಪಟ್ಟು ಏರಿಸುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟರು. ಅಳತೆಗೋಲು ತೂಕವೇ: ಪೆಟ್ರೋಲ್, ಡೀಸೆಲ್ ವಾಹನಕ್ಕೆ 1.6 ಟನ್, ಎಲೆಕ್ಟ್ರಿಕ್‌ಗೆ 2 ಟನ್.

ಭಾರತಕ್ಕೆ ಯಾಕೆ ಬರಲಿಲ್ಲ?

ನಮಗೆ ಮಜ್ದಾ ಅಂದರೆ ನೆನಪಾಗುವುದು ಸ್ವರಾಜ್ ಮಜ್ದಾ ಮಿನಿ ಬಸ್ಸು, ಲಾರಿಗಳು. ಶಾಲೆಗೆ, ಮದುವೆಗೆ ಹೋದವರು ಮರೆಯಲ್ಲ. ಆದರೆ ಮಜ್ದಾ ತನ್ನ ಪ್ರಯಾಣಿಕ ಕಾರುಗಳಿಗೆ ಇಲ್ಲಿ ಮಾರಾಟ ಜಾಲ ಕಟ್ಟಲೇ ಇಲ್ಲ. ನಮ್ಮಲ್ಲೇ ಈ ದಾರಿಯಲ್ಲಿ ಒಂದು ಪ್ರಯತ್ನ ನಡೆದಿತ್ತು: ಗೋವಾದಲ್ಲಿ ತಯಾರಾದ ಸ್ಯಾನ್ ಸ್ಟಾರ್ಮ್. ಫೈಬರ್ ಬಾಡಿ, ರೆನೋ ಕಂಪನಿಯ ಸಣ್ಣ ಪೆಟ್ರೋಲ್ ಎಂಜಿನ್, ಎರಡು ಸೀಟು. ಅದು ಬೆರಳೆಣಿಕೆಯ ಅಭಿಮಾನಿಗಳನ್ನು ಬಿಟ್ಟು ಮುಂದೆ ಹೋಗಲಿಲ್ಲ.

ಎಂಎಕ್ಸ್-5 ನಾಳೆಯೇ ಇಲ್ಲಿಗೆ ಬಂದರೆ ಏನಾಗುತ್ತೆ? 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರದಂತೆ, 4 ಮೀಟರ್ ಒಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ಶೇ. 18, ಅದು ಮೀರಿದರೆ ಶೇ. 40. ಎಂಎಕ್ಸ್-5ರ ಉದ್ದ 3.9 ಮೀಟರ್ ಚಿಲ್ಲರೆ, ತೂಕ ಒಂದು ಟನ್. ಆದರೆ ಅದರ ಅತಿ ಸಣ್ಣ ಎಂಜಿನ್ನೇ 1,496 ಸಿಸಿ. ಹಾಗಾಗಿ ಶೇ. 40ರ ಸಾಲಿಗೆ. ಅತ್ತ ಟಾಟಾ ನೆಕ್ಸಾನ್‌ನಂಥ ಎಸ್‌ಯುವಿ ಇದಕ್ಕಿಂತ ಭಾರ, ತುಂಬಾ ಎತ್ತರ. ಆದರೆ ಅದರ ಉದ್ದ 4 ಮೀಟರ್‌ಗೆ ಕೆಲವೇ ಮಿಲಿಮೀಟರ್ ಕಡಿಮೆ, ಪೆಟ್ರೋಲ್ ಎಂಜಿನ್ 1,199 ಸಿಸಿ. ಹಾಗಾಗಿ ಅದು 'ಸಣ್ಣ ಕಾರು'.

ಎರಡು ಸೀಟಿನ ಶೋಕಿ ಕಾರಿಗೆ ತೆರಿಗೆ ರಿಯಾಯಿತಿ ಕೊಡಿ ಅಂತ ಯಾರೂ ಕೇಳಬೇಕಿಲ್ಲ. ಕುಟುಂಬ ಕರೆದೊಯ್ಯುವ ಕಾರಿಗೆ ಆದ್ಯತೆ ಇರಲಿ. ಕೇಳಬೇಕಾದ್ದು ಬೇರೆ: ನಮ್ಮ ತೆರಿಗೆ ಉದ್ದ ಮತ್ತು ಸಿಸಿ ಅಳೆಯುತ್ತೆ, ತೂಕವನ್ನೂ ಮೂತಿಯ ಎತ್ತರವನ್ನೂ ಯಾಕೆ ಅಳೆಯಲ್ಲ? ಫುಟ್‌ಪಾತ್ ಇಲ್ಲದ ಊರುಗಳಲ್ಲಿ ನಡೆಯುವವರ ಜೀವಕ್ಕೆ ಹೆಚ್ಚು ಸಂಬಂಧಪಟ್ಟದ್ದು ಅವೇ ಅಲ್ವಾ?

ಮಿತಿಯೂ ಒಂದು ಆಯ್ಕೆ

ಮುಂದಿನ ಸವಾಲು ಬ್ಯಾಟರಿ. ಎಲೆಕ್ಟ್ರಿಕ್ ಕಾರು ಅನಿವಾರ್ಯ, ಆದರೆ ಈಗಿನ ಬ್ಯಾಟರಿಗಳು ಭಾರ. ನೂರಾರು ಕಿಲೋ ಹೊತ್ತ ಮೇಲೂ ಒಂದು ಟನ್ನಿನ ಸರಳ ಕಾರು ಉಳಿಯುತ್ತಾ ಅನ್ನೋದು ಮಜ್ದಾ ಎಂಜಿನಿಯರ್‌ಗಳ ಮುಂದಿರುವ ದೊಡ್ಡ ಪರೀಕ್ಷೆ.

ಮಿಯಾಟಾ ಹವಾಮಾನ ಬಿಕ್ಕಟ್ಟಿಗೆ ಪರಿಹಾರವಲ್ಲ. ಅದೂ ಪೆಟ್ರೋಲ್ ಸುಡುವ ಖಾಸಗಿ ಕಾರೇ. ಬಸ್ಸಿಗೆ, ಮೆಟ್ರೋಗೆ, ಸೈಕಲ್ಲಿಗೆ ಅದು ಬದಲಿಯಾಗಲ್ಲ. ಆದರೆ ಅದು ಒಂದು ಸುಳ್ಳನ್ನು ಬಯಲು ಮಾಡಿದೆ. ಸುರಕ್ಷತೆ ಬೇಕಾದರೆ, ಲಾಭ ಬೇಕಾದರೆ, ಖುಷಿ ಬೇಕಾದರೆ ಕಾರು ದೊಡ್ಡದಾಗಲೇಬೇಕು, ಬೇರೆ ದಾರಿಯೇ ಇಲ್ಲ ಅನ್ನೋ ಸುಳ್ಳು ಅದು. ಮಧ್ಯಮ ಗಾತ್ರದ ಒಂದು ಕಂಪನಿ, ದಿವಾಳಿಯ ಅಂಚಿಗೆ ಹೋಗಿ ಬಂದರೂ, ನಾಲ್ಕು ತಲೆಮಾರು ಒಂದೇ ಮಿತಿಗೆ ಅಂಟಿಕೊಂಡಿತು. ಜನ ಕೊಂಡರು, ಪ್ರೀತಿಸಿದರು, ರಿಪೇರಿ ಮಾಡಿಕೊಂಡು ಇಟ್ಟುಕೊಂಡರು.

ಕಡಿಮೆಯಲ್ಲಿ ಬದುಕಿ ಅಂತ ಪರಿಸರವಾದಿಗಳು ಹೇಳಿದಾಗ ಅದು ಉಪವಾಸದ ಉಪದೇಶದಂತೆ ಕೇಳಿಸುತ್ತೆ ಅನ್ನೋ ದೂರು ಇದೆ. ಕಡಿಮೆಯಲ್ಲೂ ಹಬ್ಬವಿದೆ ಅಂತ ತೋರಿಸುವ ಉದಾಹರಣೆಗಳು ಅದಕ್ಕೇ ಬೇಕು. ದೊಡ್ಡದಾಗುವುದು ಪ್ರಕೃತಿ ನಿಯಮವೇನಲ್ಲ. ಅದರ ಹಿಂದೆ ಕಾನೂನಿನ ಕಲಮುಗಳಿವೆ, ಸುಂಕಗಳಿವೆ, ಕಂಪನಿ ಸಭೆಗಳ ತೀರ್ಮಾನಗಳಿವೆ. ತೀರ್ಮಾನ ಅಂದಮೇಲೆ ಬದಲಿಸಲೂ ಬಹುದು.